ಗೋಣಿಗೆ ಏನೇನು ಕೊಡ್ತೀರಿ?

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿರುವ ಶಂಭುಲಿಂಗಪ್ಪನವರ ಮನೆಯಲ್ಲಿ ಬೆಳಗಿನ ಕಾಫಿಗೂ ಮೊದಲೇ ಒಂದು ಸದ್ದು ಶುರುವಾಗುತ್ತಿತ್ತು. ಪರಪರ, ಪರಪರ. ಹೊಸಬರು ಕೇಳಿದರೆ ಒಳಗೆ ಯಾರೋ ತೆಂಗಿನಕಾಯಿ ತುರಿಯುತ್ತಿದ್ದಾರೆ, ಚಟ್ನಿ ಗ್ಯಾರಂಟಿ ಎಂದುಕೊಳ್ಳಬೇಕು. ಚಟ್ನಿಯೂ ಇಲ್ಲ, ಏನೂ ಇಲ್ಲ. ಅದು ಗೋಣಿ ತನ್ನ ಕಿವಿ ಕೆರೆದುಕೊಳ್ಳುವ ಸದ್ದು.

ಗೋಣಿ ಎಂದರೆ ಆ ಮನೆಯ ನಾಯಿ. ಶಂಭುಲಿಂಗಪ್ಪನವರಿಗೆ ಪೇಟೆಯಲ್ಲಿ ಗೋಣಿಚೀಲದ ಅಂಗಡಿ. ನಾಲ್ಕು ವರ್ಷದ ಹಿಂದೆ ಒಂದು ದಿನ ಬಾಗಿಲು ತೆಗೆದಾಗ ಚೀಲದ ರಾಶಿಯ ಮೇಲೆ ಅಂಗೈಯಗಲದ ಮರಿಯೊಂದು ಮಲಗಿತ್ತು. ಚೀಲದ್ದೇ ಬಣ್ಣ. ಅದು ಆಕಳಿಸಿದ ಮೇಲೆಯೇ ನಾಯಿ ಅಂತ ಗೊತ್ತಾಗಿದ್ದು. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಮನೆಗೆ ತಂದವರು ಶಂಭುಲಿಂಗಪ್ಪ, ಆದರೆ ಗೋಣಿ ಆದದ್ದು ಅವರ ಹೆಂಡತಿ ಶೈಲಜಮ್ಮನವರ ಪಾಲು. ಎರಡು ವರ್ಷದ ಹಿಂದೆ ಶೈಲಜಮ್ಮನವರಿಗೆ ಮಂಡಿ ಆಪರೇಷನ್ ಆಯಿತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಬಿದ್ದುಬಿಟ್ಟರೆ ಎಂಬ ಹೆದರಿಕೆಗೆ ಆಕೆ ಗೇಟು ದಾಟಲಿಲ್ಲ. ಗಂಡ ಗದರಿದರೂ ಇಲ್ಲ, ಸೊಸೆ ಶಿವರಂಜಿನಿ ಕೈ ಹಿಡಿದರೂ ಇಲ್ಲ. ಕೊನೆಗೆ ಗೋಣಿ ತನ್ನ ಬೆಲ್ಟನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಎದುರಿಗೆ ನಿಂತ. ಆಕೆ ಒಂದು ಹೆಜ್ಜೆ ಇಟ್ಟರೆ ಅವನೂ ಒಂದೇ ಹೆಜ್ಜೆ ಇಟ್ಟ. ಆಕೆ ನಿಂತರೆ ಅವನೂ ನಿಂತ. ಒಂದು ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ಮಕ್ಕಳ ಕೂಟದ ಪಾರ್ಕಿನವರೆಗೆ ಹೋಗಿ ಬರುತ್ತಿದ್ದರು. ಅಂಥ ಗೋಣಿಗೆ ಈಗ ಆರು ತಿಂಗಳಿಂದ ಮೈ ತುಂಬಾ ಕೆರೆತ.

ಕಿವಿಯ ಒಳಗೆಲ್ಲ ಕೆಂಪು. ಪಾದಗಳನ್ನು ನೆಕ್ಕಿ ನೆಕ್ಕಿ ತೇವ ಆರುತ್ತಲೇ ಇರಲಿಲ್ಲ. ಹೊಟ್ಟೆಯ ಹತ್ತಿರ ಕೂದಲು ಉದುರಿ ಬೋಳು. ಹತ್ತಿರ ಕೂತರೆ ಒಂಥರಾ ವಾಸನೆ. ಇನ್ನು ಸಲಹೆಗಳಿಗೇನು ಬರವೇ? ಪಾರ್ಕಿನಲ್ಲಿ ಒಬ್ಬರು ಬೇವಿನ ಸೊಪ್ಪು ಅರೆದು ಹಚ್ಚಿ ಎಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಎಂದರು. ಮೂರನೆಯವರ ಮಾತು ಕೇಳಿ ಅರಿಶಿನ ಹಚ್ಚಿದ್ದಕ್ಕೆ ನಾಯಿ ಹಳದಿಯಾಯಿತು, ಸೋಫಾ ಹಳದಿಯಾಯಿತು, ಶಂಭುಲಿಂಗಪ್ಪನವರ ಬಿಳಿ ಪಂಚೆಯೂ ಹಳದಿಯಾಯಿತು. ಕೆರೆತ ಮಾತ್ರ ಇದ್ದಲ್ಲೇ ಇತ್ತು.

"ನಾಯಿ ಅಂದ್ಮೇಲೆ ಕೆರ್ಕೊಳ್ಳುತ್ತೆ ಕಣೇ. ಕೆರ್ಕೊಳ್ದೆ ಇನ್ನೇನು ವೀಣೆ ಬಾರಿಸುತ್ತಾ?" ಎಂದು ಮೊದಮೊದಲು ನಗುತ್ತಿದ್ದ ಶಂಭುಲಿಂಗಪ್ಪ, ಪಂಚೆ ಹಾಳಾದ ದಿನ ನಗಲಿಲ್ಲ. "ನೋಡು ಶೈಲಾ, ನನಗೂ ಅವನ ಮೇಲೆ ಸಿಟ್ಟಿಲ್ಲ. ಆದ್ರೆ ಮನೆಗೆ ಜನ ಬರೋ ಹಾಗಿಲ್ಲ, ನಿದ್ದೆ ಮಾಡೋ ಹಾಗಿಲ್ಲ. ಮಾಗಡಿ ಹತ್ರ ನಮ್ಮ ಅಕ್ಕನ ಮಗ ಕೈಲಾಸನ ತೋಟ ಇದೆಯಲ್ಲ, ಅಲ್ಲಿ ಮಣ್ಣಲ್ಲಿ ಹೊರಳಾಡ್ಕೊಂಡು ಇರ್ಲಿ. ಸಂಕ್ರಾಂತಿಗೆ ಹೇಗೂ ಕೈಲಾಸ ಬರ್ತಾನೆ, ಕಾರಲ್ಲಿ ಕರ್ಕೊಂಡು ಹೋಗ್ಲಿ."

ಶೈಲಜಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. ಸಂಕ್ರಾಂತಿಗೆ ಉಳಿದಿದ್ದದ್ದು ಮೂರೇ ತಿಂಗಳು. ಮಾರನೆಯ ದಿನವೇ ಸೊಸೆಯನ್ನು ಕರೆದುಕೊಂಡು, ಗೋಣಿಯನ್ನು ಆಟೋದಲ್ಲಿ ತುರುಕಿಕೊಂಡು ಪಶುವೈದ್ಯೆ ಡಾಕ್ಟರ್ ಆರಾಧನಾ ಅವರ ಕ್ಲಿನಿಕ್ಕಿಗೆ ಹೊರಟರು. ಡಾಕ್ಟರು ಟೋಪಿ ಹಾಕಿಬಿಡುತ್ತಾರೆ ಎಂಬ ಗುಮಾನಿಯಿಂದ ಶಂಭುಲಿಂಗಪ್ಪ ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಡಾಕ್ಟರ್ ಆರಾಧನಾ ಮೊದಲು ಬಾಚಣಿಗೆ ಹಿಡಿದು ಚಿಗಟ ಹುಡುಕಿದರು. ಚರ್ಮ ಸ್ವಲ್ಪ ಕೆರೆದು ತೆಗೆದು ಗಾಜಿನ ಮೇಲಿಟ್ಟು ನೋಡಿದರು. ಕಿವಿಯೊಳಗಿನ ಗಲೀಜನ್ನೂ ಪರೀಕ್ಷೆ ಮಾಡಿದರು. "ಚಿಗಟ ಇಲ್ಲ, ಕಜ್ಜಿಹುಳು ಇಲ್ಲ. ಕಿವೀಲಿ ಸೋಂಕಿದೆ, ಅದಕ್ಕೆ ಔಷಧಿ ಕೊಡ್ತೀನಿ. ಚಿಗಟಕ್ಕೂ ತಿಂಗಳಿಗೊಂದ್ಸಲ ಡ್ರಾಪ್ಸ್ ಹಾಕ್ತಾ ಇರಿ. ಆದ್ರೆ ಬೇರು ಬೇರೆ ಕಡೆ ಇರೋ ಹಾಗಿದೆ. ಆರು ತಿಂಗಳಿಂದ ಬಿಡದ ಕೆರೆತ, ಕಿವಿ, ಪಾದ... ಇದು ಊಟದ ಅಲರ್ಜಿ ಇರಬಹುದು. ಗೋಣಿಗೆ ಏನೇನು ಕೊಡ್ತೀರಿ?"

"ಮೊಸರನ್ನ, ಚಪಾತಿ, ಬಿಸ್ಕತ್ತು," ಎಂದರು ಶೈಲಜಮ್ಮ. "ಇವಳು ಆರು ತಿಂಗಳಿಂದ ಅಂಗಡಿ ಪ್ಯಾಕೆಟ್ಟೂ ತರ್ತಿದಾಳೆ. ಮಾಂಸದ್ದು ಅಂತ ನಾನು ಅದನ್ನ ಮುಟ್ಟಲ್ಲ, ಮೆಟ್ಟಿಲ ಕೆಳಗೆ ಇಟ್ಟಿದೀವಿ."

"ಅಲ್ಲಾ ಡಾಕ್ಟ್ರೇ," ಶಂಭುಲಿಂಗಪ್ಪ ಬಾಯಿ ಹಾಕಿದರು. "ನಾಲ್ಕು ವರ್ಷ ಅದೇ ಮೊಸರನ್ನ ತಿಂದು ಗುಂಡುಕಲ್ಲಿನ ಹಾಗಿದ್ದ. ಈಗೆಲ್ಲಿಂದ ಬಂತು ಅಲರ್ಜಿ?"

"ಅಲರ್ಜಿ ಹೊಸ ಊಟಕ್ಕೇ ಬರ್ಬೇಕು ಅಂತಿಲ್ಲ ಸರ್. ದಿನಾ ತಿಂದಿದ್ದಕ್ಕೇ ಒಂದಿನ ಮೈ ತಿರುಗಿ ಬೀಳುತ್ತೆ. ನಾಯಿಗಳಲ್ಲಿ ಹೆಚ್ಚಾಗಿ ಕಾಣೋದು ಮಾಂಸ, ಕೋಳಿ, ಹಾಲು. ಕೆಲವಕ್ಕೆ ಗೋಧಿ, ಮೊಟ್ಟೆ."

"ಒಂದು ರಕ್ತದ ಟೆಸ್ಟ್ ಮಾಡಿ ಹೇಳ್ಬಿಡಿ ಮತ್ತೆ."

"ಮಾಡೋರಿದಾರೆ. ಆದ್ರೆ ಊಟದ ಅಲರ್ಜಿಗೆ ರಕ್ತದ ಟೆಸ್ಟ್ ನಂಬೋ ಹಾಗಿಲ್ಲ ಸರ್. ಊಟ ಬದಲಾಯಿಸಿ ನೋಡೋದೇ ಟೆಸ್ಟು."

"ನಾನು ಬದಲಾಯಿಸ್ತಾನೇ ಇದೀನಿ ಮೇಡಂ," ಎಂದಳು ಶಿವರಂಜಿನಿ. "ಮೊದ್ಲು ಕೋಳಿದು ತಂದೆ, ಆಗಲಿಲ್ಲ. ಆಮೇಲೆ ಕುರಿದು. ಅದೂ ಧಾನ್ಯ ಹಾಕದೇ ಇರೋದು, ತುಂಬ ಒಳ್ಳೇದು ಅಂತ ಹೇಳಿದ್ರು." ಅವಳು ಫೋನಿನಲ್ಲಿ ಪ್ಯಾಕೆಟ್ಟಿನ ಫೋಟೋ ತೋರಿಸಿದಳು. ಡಾಕ್ಟರು ಅದನ್ನು ಹಿಗ್ಗಿಸಿ ಶಂಭುಲಿಂಗಪ್ಪನವರ ಮುಂದೆ ಹಿಡಿದರು. ಶಂಭುಲಿಂಗಪ್ಪ ಕನ್ನಡಕ ಏರಿಸಿಕೊಂಡು, ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಐದನೇ ಹೆಸರಿಗೆ ಬಂದು ನಿಂತರು.

"ಏನಿದು? ಮುಂದೆ ಕುರಿ ಚಿತ್ರ ಹಾಕಿ ಹಿಂದೆ ಕೋಳಿ ಪುಡಿ ಅಂತ ಬರ್ದಿದಾರೆ! ನಾನು ಹೀಗೆ ಚೀಲ ಮಾರಿದ್ರೆ ಪೇಟೇಲಿ ಒಂದಿನ ನಿಲ್ಲಕ್ಕೆ ಬಿಡ್ತಾರಾ?"

"ಅದಕ್ಕೇ ಚಿತ್ರ ನೋಡಬೇಡಿ, ಹಿಂದಿನ ಪಟ್ಟಿ ಓದಿ ಅನ್ನೋದು," ಎಂದು ಡಾಕ್ಟರು ನಕ್ಕರು. "ಧಾನ್ಯ ಇಲ್ಲ ಅಂದ ಮಾತ್ರಕ್ಕೆ ಅಲರ್ಜಿ ಇಲ್ಲ ಅಂತಾನೂ ಅಲ್ಲ. ತಿಂಗಳಿಗೊಂದು ಪ್ಯಾಕೆಟ್ ಬದಲಾಯಿಸೋದನ್ನ ನಿಲ್ಸಿ. ನಾನೊಂದು ಆಹಾರ ಬರ್ಕೊಡ್ತೀನಿ. ಅದ್ರಲ್ಲಿ ಸೋಯಾದ ಪ್ರೋಟೀನನ್ನ ಎಷ್ಟು ಸಣ್ಣದಾಗಿ ಒಡೆದಿರ್ತಾರೆ ಅಂದ್ರೆ, ಮೈಗೆ ಅದರ ಗುರುತೇ ಸಿಗಲ್ಲ. ಸಿಗದೇ ಇದ್ರೆ ಜಗಳವೂ ಇಲ್ಲ. ಒಂದು ವಾರದಲ್ಲಿ ನಿಧಾನಕ್ಕೆ ಹಳೇ ಊಟ ಕಮ್ಮಿ ಮಾಡ್ತಾ ಬನ್ನಿ. ಆಮೇಲೆ ಎಂಟು ವಾರ ಅದೊಂದೇ. ಬಿಸ್ಕತ್ತಿಲ್ಲ, ಚಪಾತಿ ಚೂರಿಲ್ಲ. ಮಾತ್ರೆಯನ್ನ ಪೇಡದಲ್ಲಿ ಅಡಗಿಸಿ ಕೊಡೋದೂ ಬೇಡ. ಅದು, ನೀರು, ಅಷ್ಟೇ."

ಸೋಯಾ ಎಂದು ಕೇಳಿ ಶೈಲಜಮ್ಮನವರಿಗೆ ಸಮಾಧಾನವಾಯಿತು. ಮನೆಗೆ ಬಂದವರೇ ಹೊಸ ಪ್ಯಾಕೆಟ್ಟಿಗೆ ಮೆಟ್ಟಿಲ ಕೆಳಗಿಂದ ಅಡುಗೆಮನೆಯ ಶೆಲ್ಫಿಗೆ ಬಡ್ತಿ ಕೊಟ್ಟರು. ಬಿಸ್ಕತ್ತಿನ ಡಬ್ಬಿಗೆ ಬೀಗ ಬಿತ್ತು. ಬೀದಿಯವರ ಕೈ ತಡೆಯುವುದಕ್ಕೆ ಶಿವರಂಜಿನಿ ಗೋಣಿಯ ಬೆಲ್ಟಿಗೆ ಒಂದು ಚೀಟಿ ಹೊಲಿದಳು: 'ನಾನು ಪಥ್ಯದಲ್ಲಿದ್ದೇನೆ. ದಯವಿಟ್ಟು ಮುದ್ದು ಮಾತ್ರ ಮಾಡಿ.' ಪಾರ್ಕಿನವರೆಲ್ಲ ಓದಿ ನಕ್ಕರು, ಆದರೆ ಕೈ ಹಿಂದಕ್ಕೆ ತೆಗೆದುಕೊಂಡರು.

ಎಂಟು ವಾರ ಕಳೆಯಿತು. ಕಿವಿಯ ಸೋಂಕು ಹೋಗಿತ್ತು, ವಾಸನೆ ಕಮ್ಮಿಯಾಗಿತ್ತು. ಆದರೆ ಪರಪರ ನಿಂತಿರಲಿಲ್ಲ. ಹೊಟ್ಟೆಯ ಮೇಲೆ ಒಂದು ಕೂದಲೂ ಹುಟ್ಟಿರಲಿಲ್ಲ.

"ಆಯ್ತಲ್ಲ ನಿಮ್ಮ ಅಲರ್ಜಿ ಪುರಾಣ?" ಎಂದರು ಶಂಭುಲಿಂಗಪ್ಪ. "ಕೈಲಾಸಂಗೆ ಫೋನ್ ಮಾಡ್ತೀನಿ."

"ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗ್ಬರ್ತೀನಿ ರೀ. ಆಮೇಲೆ ನೀವು ಹೇಳಿದ ಹಾಗೆ," ಎಂದರು ಶೈಲಜಮ್ಮ. ಆಟೋದಲ್ಲಿ ದಾರಿಯುದ್ದಕ್ಕೂ ಗೋಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಡಾಕ್ಟರ್ ಆರಾಧನಾ ಗೋಣಿಯ ಹೊಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು. "ಬೇರೆ ಏನಾದ್ರೂ ಕೊಡ್ತಿದೀರಾಮ್ಮ?"

"ಶಿವನಾಣೆಗೂ ಏನೂ ಇಲ್ಲ ಡಾಕ್ಟ್ರೇ. ಒಂದು ಅಗುಳೂ ಇಲ್ಲ."

"ಹೂಂ ಮೇಡಂ, ನಾನೂ ನೋಡ್ತಾನೇ ಇದೀನಿ," ಎಂದಳು ಶಿವರಂಜಿನಿ.

ಇಬ್ಬರೂ ಸುಳ್ಳು ಹೇಳುವವರಲ್ಲ ಎಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಸರಿ. ಊಟದ ಮಾತು ಬಿಡಿ. ಗೋಣಿ ಎದ್ದಾಗಿಂದ ಮಲಗೋವರೆಗೂ ಏನೇನು ಮಾಡ್ತಾನೆ, ಕಥೆ ಹೇಳೋ ಹಾಗೆ ಹೇಳಿ."

ಗೋಣಿಯ ಕಥೆ ಹೇಳಿ ಎಂದರೆ ಶೈಲಜಮ್ಮನವರಿಗೆ ಅದಕ್ಕಿಂತ ಬೇಕೇ? ಮುಖ ಅರಳಿತು. "ಐದೂವರೆಗೆ ಏಳ್ತಾನೆ. ನಾನು ಸ್ನಾನ ಮಾಡಿ ಲಿಂಗಪೂಜೆಗೆ ಕೂತ್ರೆ, ಪೂಜೆ ಕೋಣೆ ಹೊಸ್ತಿಲಾಚೆ ಬಂದು ಕೂತ್ಕೋತಾನೆ. ಮುಗಿಯೋವರೆಗೂ ಅಲ್ಲಾಡಲ್ಲ. ಅಷ್ಟು ಭಕ್ತಿ ಮನುಷ್ಯರಿಗೂ ಇಲ್ಲ ಡಾಕ್ಟ್ರೇ, ನಮ್ಮನೆಯವರು ಆ ಹೊತ್ತಲ್ಲಿ ಪೇಪರ್ ಓದ್ತಿರ್ತಾರೆ. ಆಮೇಲೆ ಎಲ್ಲರಿಗೂ ಪ್ರಸಾದ ಕೊಡ್ತೀನಿ. ಆಮೇಲೆ ನಾವಿಬ್ರೂ ವಾಕಿಂಗ್..."

"ಒಂದ್ನಿಮಿಷ. ಎಲ್ಲರಿಗೂ ಅಂದ್ರೆ ಯಾರ್ಯಾರಿಗೆ?"

"ಮನೆಯವರಿಗೆ, ಮಗನಿಗೆ, ಇವಳಿಗೆ, ಗೋಣಿಗೆ."

"ಪ್ರಸಾದ ಏನು?"

"ಸಕ್ಕರೆ ಹಾಕಿದ ಹಾಲು. ಒಂದೊಂದು ಚಮಚ."

ಶಿವರಂಜಿನಿ ಹಣೆ ಚಚ್ಚಿಕೊಂಡಳು. "ಅಯ್ಯೋ! ನಾನೂ ದಿನಾ ಅವನ ಪಕ್ಕದಲ್ಲೇ ನಿಂತು ಕೈಯೊಡ್ಡಿದೀನಿ ಅತ್ತೆ. ನೀವು ಅವನಿಗೆ ಕೊಡೋದನ್ನ ಕಣ್ಣಾರೆ ನೋಡಿದೀನಿ. ನನಗೂ ಹೊಳೀಲಿಲ್ವಲ್ಲಾ!"

ಶೈಲಜಮ್ಮನವರಿಗೆ ಇನ್ನೂ ಅರ್ಥವಾಗಿರಲಿಲ್ಲ. "ಅದು ಊಟ ಅಲ್ವಲ್ಲ, ಪ್ರಸಾದ," ಎಂದರು. ಆಮೇಲೆ ಅರ್ಥವಾಯಿತು. ಮುಖ ಇಳಿಯಿತು. "ಪ್ರಸಾದ ಕೆಡುಕು ಮಾಡುತ್ತಾ ಡಾಕ್ಟ್ರೇ?"

ಆ ಪ್ರಶ್ನೆಯನ್ನು ಡಾಕ್ಟರು ಹಗುರಾಗಿ ತೆಗೆದುಕೊಳ್ಳಲಿಲ್ಲ. "ಪ್ರಸಾದದ ಮೇಲೆ ತಕರಾರಿಲ್ಲಮ್ಮ. ಹಾಲಿನ ಮೇಲೆ ಅನುಮಾನ. ಅವನ ಮೈಗೆ ಹಾಲು ಆಗ್ತಿಲ್ಲ ಅಂತಾದ್ರೆ ಒಂದು ಚಮಚವೂ ಸಾಕು, ಅರ್ಧ ಚಮಚವೂ ಸಾಕು. ದಿನಾ ಬೆಳಿಗ್ಗೆ ಬೆಂಕಿಗೆ ಒಂದು ಪುಳ್ಳೆ ಹಾಕ್ತಾ ಇದ್ರೆ ಅದು ಆರೋದು ಹೇಗೆ? ಬೇಜಾರು ಮಾಡ್ಕೋಬೇಡಿ. ಎಂಟು ವಾರ ಮತ್ತೆ ಮೊದಲಿಂದ ಶುರು ಮಾಡೋಣ."

ಎಂಟು ವಾರ! ಸಂಕ್ರಾಂತಿಗೆ ನಾಲ್ಕೇ ವಾರವಿತ್ತು. ಮನೆಗೆ ಬಂದ ಶೈಲಜಮ್ಮ ಕಾಫಿ ಕೂಡ ಮಾಡದೆ ಗಂಡನ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದರು. "ತಪ್ಪು ನಂದು ರೀ. ನನ್ನ ತಪ್ಪಿಗೆ ಅವನನ್ನ ಯಾಕೆ ಮನೆ ಬಿಡಿಸ್ತೀರಾ? ಶಿವರಾತ್ರಿವರೆಗೆ ಟೈಮ್ ಕೊಡಿ."

"ಒಂದು ಚಮಚ ಹಾಲಿಗೆ ಮೈಯೆಲ್ಲ ಕೆರೆತ! ಯಾರಾದ್ರೂ ಕೇಳಿದ್ರೆ ನಗ್ತಾರೆ," ಎಂದರು ಶಂಭುಲಿಂಗಪ್ಪ. ಆದರೆ ಹೆಂಡತಿಯ ಕಣ್ಣು ನೋಡಿ ಪೇಪರು ಮಡಿಸಿದರು. "ಆಯ್ತಪ್ಪ. ಶಿವರಾತ್ರಿವರೆಗೆ. ಆಮೇಲೆ ಮಾತಿಲ್ಲ."

ಮಾರನೆಯ ಬೆಳಿಗ್ಗೆ ನಿಜವಾದ ಕಷ್ಟ ಎದುರಾಯಿತು. ಪೂಜೆ ಮುಗಿಯಿತು. ಗೋಣಿ ಎಂದಿನಂತೆ ಹೊಸ್ತಿಲಾಚೆ ನೆಟ್ಟಗೆ ಕೂತಿದ್ದ. ಶೈಲಜಮ್ಮ ಅವನ ಹಣೆಗೆ ವಿಭೂತಿ ಹಚ್ಚಿ, "ಇವತ್ತಿಂದ ಇದೇ ಕಣಪ್ಪ ನಿನಗೆ," ಎಂದರು. ಗೋಣಿ ವಿಭೂತಿ ಹಚ್ಚಿಸಿಕೊಂಡು, ಮತ್ತೆ ಚಮಚವನ್ನೇ ನೋಡುತ್ತಾ ಕೂತ. ಹೋಗಲೇ ಇಲ್ಲ. ಪೂಜೆಗೆ ಬಂದು ಕೂತವನನ್ನು ಬರಿಗೈಲಿ ಕಳಿಸುವುದು ಆ ಮನೆಯಲ್ಲಿ ಇಲ್ಲದ ಸಂಗತಿ. ಶೈಲಜಮ್ಮನವರಿಗೆ ಅಳುವೇ ಬಂತು.

ಅಳುತ್ತಾ ಕೂರುವ ಹೆಂಗಸಲ್ಲ ಆಕೆ. ಸಂಜೆ ಡಾಕ್ಟರಿಗೆ ಫೋನು ಹೋಯಿತು. "ಅವನ ಪ್ಯಾಕೆಟ್ಟಿನ ಕಾಳನ್ನೇ ಬೇರೆ ಹೊತ್ತಲ್ಲಿ ನಾಲ್ಕು ಕೊಟ್ರೆ ನಡೆಯುತ್ತಾ?"

"ಖಂಡಿತ ನಡೆಯುತ್ತೆ. ಖುಷಿಗೆ ಏನಾದ್ರೂ ಕೊಡ್ಲೇಬೇಕು ಅನ್ನೋರಿಗೆಲ್ಲ ನಾನು ಹೇಳೋದೇ ಅದು. ದಿನದ ಪಾಲಲ್ಲೇ ನಾಲ್ಕು ಕಾಳು ತೆಗೆದಿಟ್ಕೊಳ್ಳಿ. ಹಾಲು ಮುಟ್ಟಿದ ಕೈ ಮಾತ್ರ ತೊಳ್ಕೊಳ್ಳಿ."

ಮರುದಿನ ಪೂಜೆಯಲ್ಲಿ ಹಾಲಿನ ಬಟ್ಟಲಿನಿಂದ ಒಂದು ಮೊಳ ದೂರದಲ್ಲಿ ಒಂದು ಪುಟ್ಟ ಬೆಳ್ಳಿ ಬಟ್ಟಲು ಕಾಣಿಸಿತು. ಅದರಲ್ಲಿ ನಾಲ್ಕು ಕಂದು ಕಾಳು. ಶಂಭುಲಿಂಗಪ್ಪ ಪೇಪರಿನ ಮೇಲಿಂದ ಇಣುಕಿ ನೋಡಿ ಹೌಹಾರಿದರು. "ಏನೇ ಇದು? ಶಿವನಿಗೆ ನಾಯಿ ತಿಂಡಿ ನೈವೇದ್ಯನಾ?"

"ನಾವು ತಿನ್ನೋದನ್ನ ಶಿವನಿಗೆ ತೋರಿಸಿ ತಿಂತೀವಿ. ಗೋಣಿ ತಿನ್ನೋದು ಇದು. ಇದನ್ನೇ ತೋರಿಸ್ದೆ. ಶಿವ ಏನೂ ಅಂದಿಲ್ಲ, ನಿಮ್ದೇನು?"

ಶಂಭುಲಿಂಗಪ್ಪ ಮತ್ತೆ ಪೇಪರಿನೊಳಗೆ ಹೋದರು. ಗೋಣಿ ನಾಲ್ಕು ಕಾಳನ್ನು ಕಟಕಟ ಅಗಿದು, ಬಾಯಿ ಸವರಿಕೊಂಡು, ವಾಕಿಂಗಿಗೆ ಎದ್ದು ನಿಂತ.

ಮೂರನೇ ವಾರಕ್ಕೆ ಪಾದ ನೆಕ್ಕುವುದು ಕಮ್ಮಿಯಾಯಿತು. ಸಂಕ್ರಾಂತಿಗೆ ಕೈಲಾಸ ಬಂದ, ಎಳ್ಳು ಬೆಲ್ಲ ತಿಂದ, ಒಬ್ಬನೇ ಹೋದ. ಐದನೇ ವಾರ ಹೊಟ್ಟೆಯ ಮೇಲೆ ಮೆತ್ತನೆಯ ಹೊಸ ಕೂದಲು ಕಂಡಿತು. ಶೈಲಜಮ್ಮ ದಿನಕ್ಕೆ ನಾಲ್ಕು ಸಲ ಗೋಣಿಯನ್ನು ಅಂಗಾತ ಮಲಗಿಸಿ ಬಂದವರಿಗೆಲ್ಲ ಹೊಟ್ಟೆ ತೋರಿಸಿದರು. ಪಾಪ, ಅವನಿಗೇ ನಾಚಿಕೆಯಾಗಿರಬೇಕು. ಎಂಟು ವಾರ ಮುಗಿದು ಶಿವರಾತ್ರಿ ಬರುವ ಹೊತ್ತಿಗೆ ಆ ಮನೆಯ ಬೆಳಗು ಸದ್ದಿಲ್ಲದೆ ಆಗುತ್ತಿತ್ತು.

"ಸೆಕೆ ಹೋಗಿತ್ತಲ್ಲ, ಅದಕ್ಕೆ ಕಮ್ಮಿ ಆಯ್ತು. ಬೇಸಿಗೆ ಬರ್ಲಿ, ಮತ್ತೆ ಶುರುವಾಗುತ್ತೆ," ಎಂದರು ಶಂಭುಲಿಂಗಪ್ಪ. "ಆಗ ಕೈಲಾಸನ್ನ ಕರೀಲೇಬೇಕು ನೋಡು." ಅವರ ಅನುಮಾನಕ್ಕೆ ಡಾಕ್ಟರೇ ದಾರಿ ತೋರಿಸಿದರು. "ಹಾಲಿಂದಲೇನಾ, ಹವಾದಿಂದಾನಾ ಅಂತ ಗೊತ್ತಾಗ್ಬೇಕು ಅಂದ್ರೆ ಮತ್ತೆ ಹಾಲು ಕೊಟ್ಟು ನೋಡ್ಬೇಕು. ಬೇರೇನೂ ಬದಲಾಯಿಸಬೇಡಿ. ದಿನಕ್ಕೊಂದು ಚಮಚ, ಹೆಚ್ಚಂದ್ರೆ ಎರಡು ವಾರ. ಕೆರೆತ ಶುರುವಾದ ಕೂಡ್ಲೇ ನಿಲ್ಸಿ ನನಗೆ ಫೋನ್ ಮಾಡಿ. ಆಗ ಸಂಶಯ ಇರಲ್ಲ."

ವಾಸಿಯಾದವನಿಗೆ ಬೇಕೆಂದೇ ಹಾಲು ಕೊಡುವುದೇ? ಶೈಲಜಮ್ಮನವರಿಗೆ ಕೈ ಬರಲಿಲ್ಲ. ಆದರೆ ಗಂಡನ ಅನುಮಾನ ಹೋಗದಿದ್ದರೆ ಗೋಣಿಗೆ ಈ ಮನೆಯಲ್ಲಿ ಎಂದೂ ಗಟ್ಟಿ ಜಾಗವಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು. ಪೂಜೆಯ ಬಟ್ಟಲು ಮುಟ್ಟಲಿಲ್ಲ. ಅಡುಗೆಮನೆಯ ಸ್ಟೀಲ್ ಲೋಟದಿಂದ ಒಂದು ಚಮಚ ಹಾಲು ಬಗ್ಗಿಸಿ, ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟರು. ಗೋಣಿ ಬಾಲ ಅಲ್ಲಾಡಿಸಿಕೊಂಡು ಕುಡಿದ.

ಮೊದಲ ದಿನ ಏನಿಲ್ಲ. ಎರಡನೇ ದಿನ ಏನಿಲ್ಲ. "ನೋಡ್ದ್ಯಾ?" ಎಂದರು ಶಂಭುಲಿಂಗಪ್ಪ. ಮೂರನೇ ದಿನ ಭಾನುವಾರ. ಮಧ್ಯಾಹ್ನ ಮುದ್ದೆ ಉಂಡು ಅವರು ಚಾಪೆಯ ಮೇಲೆ ಅಡ್ಡಾಗಿದ್ದರು. ಆಗ ಬಾಗಿಲ ಬಳಿಯಿಂದ ಬಂತು. ಪರಪರ, ಪರಪರ.

ಶೈಲಜಮ್ಮ ಅಡುಗೆಮನೆಯಿಂದ ಓಡಿ ಬಂದರು. ಅಷ್ಟರಲ್ಲಿ ಶಂಭುಲಿಂಗಪ್ಪ ಎದ್ದು ಹೋಗಿ ಗೋಣಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಕೆಂಪಾದ ಕಿವಿಯನ್ನು ಮಡಚಿ ನೋಡಿದರು. ಕೆರೆಯಲು ಎತ್ತಿದ ಕಾಲನ್ನು ಮೆಲ್ಲಗೆ ಹಿಡಿದುಕೊಂಡರು. ಗೋಣಿ ಕಾಲು ಬಿಡಿಸಿಕೊಳ್ಳಲಿಲ್ಲ, ಅವರ ಅಂಗೈ ನೆಕ್ಕಿದ.

"ಸಾಕು ಶೈಲಾ," ಎಂದರು. "ನಿಲ್ಸು. ಇನ್ನೊಂದು ಹನಿ ಕೊಡ್ಬೇಡ." ಗೋಣಿಯ ತಲೆ ಸವರುತ್ತಾ ಮತ್ತೆ ಹೇಳಿದರು. "ಇಷ್ಟು ದಿನ ಇವನು ಕೆರ್ಕೊಳ್ತಿದ್ದಾಗ ನಾನು ನಗ್ತಿದ್ದೆ ಕಣೇ. ಇವನನ್ನ ಕಳಿಸಿಬಿಡ್ತಿದ್ದೆ." ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

"ನನ್ನ ಕೈಯಾರೆ ನಾನೇ ಕೊಡ್ತಿದ್ದೆನಲ್ಲ ರೀ, ನಾನು ಯಾರಿಗೆ ಹೇಳ್ಲಿ?" ಎಂದು ಶೈಲಜಮ್ಮನೂ ಕಣ್ಣೊರೆಸಿಕೊಂಡರು. ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತು ಅಳುತ್ತಿದ್ದರೆ ಗೋಣಿ ಒಬ್ಬೊಬ್ಬರನ್ನಾಗಿ ನೋಡಿ, ಇಬ್ಬರ ನಡುವೆ ನುಗ್ಗಿ ಮಲಗಿಕೊಂಡ. ಶಂಭುಲಿಂಗಪ್ಪ ಅಲ್ಲೇ ಕೂತು ಫೋನು ಹಚ್ಚಿದರು. "ಕೈಲಾಸಾ, ಗೋಣಿ ಎಲ್ಲಿಗೂ ಬರಲ್ಲಪ್ಪ. ಅವನ ಮನೆ ಇದು."

ಹಾಲು ನಿಲ್ಲಿಸಿದ ಮೇಲೆ ಕೆರೆತ ಮತ್ತೆ ಇಳಿಯಿತು. ಆಮೇಲೆ ಡಾಕ್ಟರು ಹೇಳಿದಂತೆ ಅಕ್ಕಿ, ಗೋಧಿಗಳನ್ನು ಒಂದಾದ ಮೇಲೆ ಒಂದರಂತೆ, ಎರಡೆರಡು ವಾರ ಕೊಟ್ಟು ನೋಡಿದರು. ಎರಡಕ್ಕೂ ಅವನ ಮೈ ಸುಮ್ಮನಿತ್ತು. ಹಾಲು ಮೊಸರು ಮಾತ್ರ ಅವನ ಪಾಲಿಗೆ ಮುಗಿಯಿತು. ಈಗ ಪಾರ್ಕಿನಲ್ಲಿ ಯಾರಾದರೂ ನಾಯಿಗೆ ಅರಿಶಿನ ಹಚ್ಚುವ ಮಾತೆತ್ತಿದರೆ ಶಂಭುಲಿಂಗಪ್ಪನವರೇ ಮುಂದೆ ಬಂದು, "ಮೊದ್ಲು ಡಾಕ್ಟ್ರಿಗೆ ತೋರ್ಸಿ. ಆಮೇಲೆ ಪ್ಯಾಕೆಟ್ಟಿನ ಹಿಂದ್ಗಡೆ ಓದಿ," ಎನ್ನುತ್ತಾರೆ. ಒಂದು ಗಂಟೆ ಬಿಡುವುದಿಲ್ಲ.

ಓದುತ್ತಿರುವ ಅಕ್ಕಾ, ಅಣ್ಣಾ, ನಿಮ್ಮ ಮನೆಯ ನಾಯಿಯೂ ಕಿವಿ, ಪಾದ, ಹೊಟ್ಟೆಯನ್ನು ಬಿಡದೆ ಕೆರೆಯುತ್ತಿದೆಯೇ? ಮನೆಮದ್ದಿನಲ್ಲಿ ತಿಂಗಳು ಕಳೆಯಬೇಡಿ. ಪಶುವೈದ್ಯರಿಗೆ ತೋರಿಸಿ. ಚಿಗಟವಲ್ಲ, ಹುಳುವಲ್ಲ, ಊಟದ ಅನುಮಾನ ಎಂದು ಅವರು ಹೇಳಿದರೆ, ಅವರು ಬರೆದುಕೊಟ್ಟ ಒಂದೇ ಆಹಾರವನ್ನು ಎಂಟು ವಾರ ತಾಳ್ಮೆಯಿಂದ ಕೊಡಿ. ಮನೆಯಲ್ಲೇ ಬೇಯಿಸಿ ಹಾಕುವುದಿದ್ದರೂ ಅವರನ್ನೇ ಕೇಳಿ. ಮತ್ತೆ ಅವರು "ಬೇರೆ ಏನಾದ್ರೂ ಕೊಡ್ತೀರಾ?" ಎಂದು ಕೇಳುತ್ತಾರೆ. "ಏನೂ ಇಲ್ಲ" ಎನ್ನುವ ಮೊದಲು ಒಂದು ನಿಮಿಷ ಯೋಚಿಸಿ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ತುದಿ, ಮಗು ಬೀಳಿಸಿದ ದೋಸೆ ಚೂರು, ಮಾತ್ರೆಗೆ ಸುತ್ತಿದ ಬೆಣ್ಣೆ, ಪೂಜೆ ಮುಗಿಸಿ ಅಂಗೈಗೆ ಹಾಕಿದ ಒಂದು ಚಮಚ. ಪ್ರೀತಿಯಿಂದ ಕೊಟ್ಟದ್ದನ್ನು ನಾವ್ಯಾರೂ ಊಟವೆಂದು ಎಣಿಸುವುದಿಲ್ಲ. ನಿಮ್ಮ ನಾಯಿಯ ಮೈ ಎಣಿಸುತ್ತದೆ. ಅದಕ್ಕೆ ಬಾಯಿಲ್ಲ, ನೀವೇ ಹೇಳಬೇಕು.